ಜೋಡಿ ಕೊಡಿ ಅಂತ ಕೇಳಬೇಡಿ

ತುಂಬಾ ದಿನ ಆಯ್ತು ಈ ಕಡೆ ತಲೆ ಹಾಕಿ. ಒಂದಿಬ್ಬರು ಗೆಳೆಯರು "ಏನ್ರೀ, ಬ್ಲಾಗಿಗೆ ಬೀಗ ಹಾಕಿದ್ರಾ?" ಅಂತ ಮೇಲ್ ಮಾಡಿ ಕೇಳಿದ್ರು. ಬೀಗ ಹಾಕಿಲ್ಲ. ಮೀನು ನೋಡ್ತಾ ಕೂತಿದ್ದೆ, ಅಷ್ಟೇ. ನಗಬೇಡಿ, ನಿಜವಾಗ್ಲೂ ಮೀನು ನೋಡ್ತಾ ಕೂತಿದ್ದೆ. ಈ ಆರು ತಿಂಗಳಲ್ಲಿ ಸಂಜೆ ಹೊತ್ತು ನಾನು ಟಿವಿ ನೋಡಿದ್ದಕ್ಕಿಂತ ಅದರ ಪಕ್ಕದಲ್ಲಿರೋ ಅಕ್ವೇರಿಯಂ ನೋಡಿದ್ದೇ ಹೆಚ್ಚು. ಹಾಗೆ ನೋಡಿ ನೋಡಿ ಒಂದು ಅಭಿಪ್ರಾಯ ಗಟ್ಟಿಯಾಗಿದೆ. ಅದನ್ನ ಇಲ್ಲಿ ಹೇಳ್ಕೊಂಡುಬಿಡ್ತೀನಿ. ಒಪ್ಪದಿದ್ದರೆ ಬೈಯಿರಿ :-)

ವಿಷಯ ಸಣ್ಣದು. ಬಣ್ಣಬಣ್ಣದ ಪುಟ್ಟ ಸಿಕ್ಲಿಡ್ ಮೀನುಗಳಲ್ಲಿ ಗಂಡು ಯಾವುದು, ಹೆಣ್ಣು ಯಾವುದು ಅಂತ ಗುರುತಿಸೋದು ಹೇಗೆ? ಮರಿ ಮಾಡಿಸಬೇಕು ಅಂತ ಆಸೆ ಪಡೋ ಪ್ರತಿಯೊಬ್ಬನೂ ಮೊದಲು ಕೇಳೋ ಪ್ರಶ್ನೆ ಇದು. ನಾನೂ ಕೇಳಿದ್ದೆ. ಆದರೆ ಈಗ ನನಗೆ ಅನ್ನಿಸ್ತಿರೋದು, ಅಂಗಡಿಯಲ್ಲಿ ನಿಂತು, ಆಗಿಂದಾಗಲೇ ಉತ್ತರ ಬೇಕು ಅಂತ ನಾವು ಕೇಳೋದೇ ತಪ್ಪು ಅಂತ. ಯಾಕೆ ಅಂತ ಹೇಳೋಕೆ ನನ್ನ ಪೆದ್ದುತನದ ಕಥೆಯಿಂದಲೇ ಶುರು ಮಾಡಬೇಕು.

ಕಳೆದ ವರ್ಷ ದಸರಾ ಹೊತ್ತಿಗೆ ಒಂದು 'ಜೋಡಿ' ರಾಮ್ ಮೀನು ತಂದೆ. ಗೊತ್ತಿಲ್ಲದವರಿಗೆ ಒಂದು ಮಾತು: ಈ ರಾಮ್ ನಮ್ಮ ಶ್ರೀರಾಮ ಅಲ್ಲ. ಇದರ ವೈಜ್ಞಾನಿಕ ಹೆಸರು ಮೈಕ್ರೋಜಿಯೋಫೇಗಸ್ ರಾಮಿರೇಜಿ. ಮ್ಯಾನುಯೆಲ್ ರಾಮಿರೇಜ್ ಅನ್ನೋ ಮೀನು ಸಂಗ್ರಾಹಕನ ಹೆಸರನ್ನ 1948ರಲ್ಲಿ ಇದಕ್ಕೆ ಇಟ್ಟರು. ಅದರ ತುಂಡೇ ಈ 'ರಾಮ್'. ಇದರ ತವರು ವೆನೆಜುವೆಲಾ ಮತ್ತು ಕೊಲಂಬಿಯಾದ ಒರಿನೋಕೊ ನದಿಯ ಬಯಲು. ಬೆಳೆದರೂ ನಮ್ಮ ಹೆಬ್ಬೆರಳಿನ ಉದ್ದ. ಮೈಮೇಲೆ ಹಳದಿ, ನೀಲಿ ಮಿಂಚು, ಕಣ್ಣಿನ ಮೇಲೆ ಅಡ್ಡಗಟ್ಟಿದ ಕಪ್ಪು ಪಟ್ಟಿ, ಪಕ್ಕೆಯಲ್ಲಿ ಒಂದು ಕಪ್ಪು ಚುಕ್ಕೆ. ನೋಡಿದವರು ಮನಸೋಲಲೇಬೇಕು.

ಅಂಗಡಿಯವರು ಬಲೆ ಹಾಕಿ ಎರಡು ಹಿಡಿದರು. "ದೊಡ್ಡದು ಗಂಡು ಸಾರ್, ನೋಡಿ ಬೆನ್ನಿನ ಮೇಲೆ ಮುಳ್ಳು ಹೆಂಗೆ ಉದ್ದ ಇದೆ. ಚಿಕ್ಕದು ಹೆಣ್ಣು. ಗ್ಯಾರಂಟಿ ಜೋಡಿ" ಅಂದರು. ಐನೂರು ರೂಪಾಯಿ ಕೊಟ್ಟು, ಆಕ್ಸಿಜನ್ ತುಂಬಿದ ಪ್ಲಾಸ್ಟಿಕ್ ಚೀಲವನ್ನ ತೊಡೆ ಮೇಲೆ ಇಟ್ಕೊಂಡು ಬಸ್ಸಲ್ಲಿ ಬಂದೆ.

ನಮ್ಮ ಹೊನ್ನಾಳಿಯಲ್ಲಿ ತುಂಗಭದ್ರೆ ಪಕ್ಕದಲ್ಲೇ ಹರೀತಾಳೆ, ನಿಜ. ಆದರೆ ನಮ್ಮ ಮನೆಗೆ ಬರೋದು ಬೋರ್ ನೀರು. ಕಾಯಿಸಿದ ಪಾತ್ರೆ ತಳದಲ್ಲಿ ಬಿಳಿ ಪದರ ಕಟ್ಟುವಷ್ಟು ಗಡಸು. ರಾಮ್‌ಗೆ ಬೇಕಾದ್ದು ಮೆದು ನೀರು, ಸ್ವಲ್ಪ ಆಮ್ಲೀಯವಾಗಿರಬೇಕು, ಜೊತೆಗೆ 27ರಿಂದ 30 ಡಿಗ್ರಿ ಬಿಸಿ. ಹಾಗಾಗಿ ಮಾಳಿಗೆಯಿಂದ ಹಿಡಿದ ಮಳೆ ನೀರನ್ನ ಡ್ರಮ್ಮಲ್ಲಿ ಕೂಡಿಟ್ಟೆ. ಸ್ಕೂಲ್ ಕಾಂಪೌಂಡಲ್ಲಿ ಬಿದ್ದಿರೋ ಕಾಡುಬಾದಾಮಿ ಎಲೆ ಆರಿಸಿ ತಂದು ನೆನೆ ಹಾಕಿದೆ. ನೀರು ತೆಳು ಚಹಾ ಬಣ್ಣಕ್ಕೆ ತಿರುಗಿತು. ಅದರಲ್ಲಿ ಬಿಟ್ಟೆ. ಮೊಟ್ಟೆ ಇಡಲಿ ಅಂತ ಒಂದು ಹಳೇ ಹೆಂಚಿನ ಚೂರು ಮಲಗಿಸಿದೆ.

ಮೂರು ವಾರದಲ್ಲಿ ಎರಡೂ ಸೇರಿ ಆ ಹೆಂಚನ್ನ ಬಾಯಲ್ಲಿ ಕಚ್ಚಿ ಕಚ್ಚಿ ಉಜ್ಜೋಕೆ ಶುರು ಮಾಡಿದವು. ಆಮೇಲೆ ಮೊಟ್ಟೆ! ಸಾಬಕ್ಕಿಗಿಂತ ತುಂಬಾ ಚಿಕ್ಕವು, ಸಾಲುಸಾಲಾಗಿ. ಎಣಿಸೋಕೆ ಹೋಗಿ ಸೋತೆ. ಇಷ್ಟು ಪುಟ್ಟ ಮೀನು ಒಂದು ಸಲಕ್ಕೆ 150, 200, ಹೆಚ್ಚೆಂದರೆ 300 ಇಡುತ್ತೆ ಅಂತ ಓದಿದ್ದೆ. ಇಲ್ಲಿ ನೋಡಿದರೆ ಹೆಂಚು ತುಂಬಿ ಪಕ್ಕದ ಗಾಜಿಗೂ ಅಂಟಿದ್ದವು. ನನ್ನ ಕೈಗುಣ ಅಂದುಕೊಂಡೆ.

ಮಾರನೇ ದಿನ ಮೊಟ್ಟೆ ಬೆಳ್ಳಗಾಗತೊಡಗಿದವು. ಮೂರನೇ ದಿನಕ್ಕೆ ಎಲ್ಲದರ ಮೇಲೂ ಹತ್ತಿಯಂಥ ಬೂಸು. ಎರಡೂ ಮೀನುಗಳು ಸರದಿ ಮೇಲೆ ನಿಂತು ರೆಕ್ಕೆ ಬೀಸಿ ಗಾಳಿ ಹಾಕ್ತಾನೇ ಇದ್ದವು. ನಾನು ಕೈ ಹತ್ತಿರ ಒಯ್ದರೆ ಹಾರಿ ಕುಟುಕ್ತಿದ್ದವು. ಕಾಯೋದಕ್ಕೆ ಅಲ್ಲಿ ಏನೂ ಉಳಿದಿರಲಿಲ್ಲ, ಆದರೂ ಕಾಯ್ತಿದ್ದವು.

ಮೊದಲ ಸಲ ನೀರಿನ ದೋಷ ಅಂದುಕೊಂಡೆ. ಎರಡನೇ ಸಲ ಕರೆಂಟ್ ಹೋಗಿ ಹೀಟರ್ ಆಫ್ ಆಗಿತ್ತು, ಅದರ ದೋಷ ಅಂದುಕೊಂಡೆ. ಮೂರನೇ ಸಲ ಏನಂದೆ ಗೊತ್ತಾ? "ಈ ಹೆಣ್ಣು ಸರಿ ಇಲ್ಲ" ಅಂದೆ. ಬಾಯಿಂದ ಎಷ್ಟು ಸಲೀಸಾಗಿ ಬಂತು ನೋಡಿ ಆ ಮಾತು.

ಪಕ್ಕದಲ್ಲಿ ಸೊಪ್ಪು ಬಿಡಿಸ್ತಾ ಕೂತಿದ್ದ ಅವ್ವ ತಲೆ ಎತ್ತಿ ಅಂದಳು: "ಯಾವುದೋ ಹೆಣ್ಣು? ನನಗೆ ಎರಡೂ ಬಸುರಿ ಇದ್ದಂಗೆ ಕಾಣ್ತಾವಲ್ಲೋ."

ನಕ್ಕುಬಿಟ್ಟೆ. ಅವ್ವಂಗೆ ಮೀನಿನ ಬಗ್ಗೆ ಏನು ಗೊತ್ತು ಅಂತ. ನಾಲ್ಕನೇ ಸಲ ಮೊಟ್ಟೆ ಇಡೋ ಹೊತ್ತಿಗೆ ಅದೃಷ್ಟಕ್ಕೆ ಭಾನುವಾರ. ಟಾರ್ಚ್ ಹಿಡ್ಕೊಂಡು ಟ್ಯಾಂಕ್ ಮುಂದೆ ಕೂತೆ. ಚಿಕ್ಕದು ಹೆಂಚಿನ ಮೇಲೆ ಹೊಟ್ಟೆ ಸವರುತ್ತಾ ಹೋಯ್ತು, ಹಿಂದೆ ಮೊಟ್ಟೆ ಸಾಲು. ಅದು ಪಕ್ಕಕ್ಕೆ ಸರಿದ ಮೇಲೆ ದೊಡ್ಡದು ಬಂತು. ಅದೂ ಹೊಟ್ಟೆ ಸವರಿತು. ಅದರ ಹಿಂದೆಯೂ ಮೊಟ್ಟೆ ಸಾಲು!

ಎರಡೂ ಹೆಣ್ಣು. ಗಂಡೇ ಇರಲಿಲ್ಲ. ಅಷ್ಟೊಂದು ಮೊಟ್ಟೆ ಯಾಕೆ ಇದ್ದವು ಅಂತಲೂ ಆಗಲೇ ಹೊಳೆದಿದ್ದು. ಅವ್ವನ ಕಡೆ ನೋಡೋಕೆ ಮುಖ ಇರಲಿಲ್ಲ.

ಗಂಡು ಸಿಗದಿದ್ದಾಗ ಎರಡು ಹೆಣ್ಣು ಸಿಕ್ಲಿಡ್‌ಗಳು ಜೋಡಿ ಕಟ್ಟಿ, ಗೂಡು ಉಜ್ಜಿ, ಮೊಟ್ಟೆ ಇಟ್ಟು ಕಾಯೋದು ಅಪರೂಪ ಏನಲ್ಲ ಅಂತ ಆಮೇಲೆ ಓದಿ ತಿಳ್ಕೊಂಡೆ. ಅಂದರೆ 'ಜೊತೆಗೆ ಗೂಡು ಮಾಡ್ತಿವೆ, ಆದ್ದರಿಂದ ಗಂಡು ಹೆಣ್ಣು' ಅನ್ನೋ ಲೆಕ್ಕವೂ ಸುಳ್ಳು.

ಈಗ ವಾದಕ್ಕೆ ಬರ್ತೀನಿ.

ನಾವು ಗುರುತು ಹಿಡಿಯೋ ರೀತಿಯಲ್ಲೇ ಒಂದು ಐಬು ಇದೆ. ದೊಡ್ಡದು, ಉದ್ದ ರೆಕ್ಕೆಯದು, ಬಣ್ಣ ಜಾಸ್ತಿ ಇರೋದು ಗಂಡು, ಉಳಿದಿದ್ದು ಹೆಣ್ಣು. ಇದೇ ತಾನೇ ನಮ್ಮ ಸೂತ್ರ? ನವಿಲು ನೋಡಿ, ಹುಂಜ ನೋಡಿ ಕಲಿತ ಪಾಠ. ಹೆಣ್ಣಿಗೆ ಅಂತ ಅದರದೇ ಗುರುತು ಇರುತ್ತೆ, ಅದನ್ನ ಹುಡುಕಿ ನೋಡಬೇಕು ಅಂತ ನಮಗೆ ತೋಚೋದೇ ಇಲ್ಲ. ಗಂಡಿನ ಗುರುತು ಇಲ್ಲದ್ದೇ ಹೆಣ್ಣಿನ ಗುರುತು ಅಂತ ಮುಗಿಸಿಬಿಡ್ತೀವಿ. ಪುಟ್ಟ ಸಿಕ್ಲಿಡ್‌ಗಳ ವಿಷಯದಲ್ಲಂತೂ ಈ ಸೂತ್ರ ಮಕಾಡೆ ಮಲಗುತ್ತೆ. ಮೂರು ಉದಾಹರಣೆ ಕೊಡ್ತೀನಿ. ಸಾಕೋ ಆಸೆ ಇರೋರು ಇದನ್ನ ಬರೆದಿಟ್ಕೊಳ್ಳಿ.

ಮೊದಲನೇದು ರಾಮ್. ಪುಸ್ತಕದ ಪ್ರಕಾರ ಗಂಡಿಗೆ ಬೆನ್ನಿನ ರೆಕ್ಕೆಯ ಮುಂದಿನ ಎರಡು ಮೂರನೇ ಮುಳ್ಳು ಉದ್ದ ಚಾಚಿರುತ್ತೆ. ಹೆಣ್ಣಿನ ಹೊಟ್ಟೆ ಮೇಲೆ ಗುಲಾಬಿ ಬಣ್ಣ, ಪಕ್ಕೆಯ ಕಪ್ಪು ಚುಕ್ಕೆಯೊಳಗೆ ನೀಲಿ ಹುರುಪೆಗಳ ಮಿನುಗು. ಗಂಡಿನ ಚುಕ್ಕೆ ಬರೀ ಕಪ್ಪು. ಹೊಳೆಯಲ್ಲಿ ಹುಟ್ಟಿದ ಮೀನಿಗೆ ಇದು ಸರಿ. ಆದರೆ ನಮ್ಮ ಕೈಗೆ ಬರೋವು ತಲೆಮಾರುಗಳಿಂದ ಫಾರ್ಮಲ್ಲಿ ಬಣ್ಣಕ್ಕಾಗಿ ಆರಿಸಿ ಆರಿಸಿ ಬೆಳೆಸಿದವು. ಅವುಗಳಲ್ಲಿ ಗಂಡಿನ ಚುಕ್ಕೆಯೊಳಗೂ ನೀಲಿ ಇರುತ್ತೆ, ಹೆಣ್ಣಿಗೂ ಮುಳ್ಳು ಉದ್ದ ಬೆಳೆದಿರುತ್ತೆ. ಮೈಯೆಲ್ಲ ನೀಲಿ ಇರೋ 'ಎಲೆಕ್ಟ್ರಿಕ್ ಬ್ಲೂ' ತಳಿಯಲ್ಲಿ ಆ ಕಪ್ಪು ಚುಕ್ಕೆಯೇ ಕಾಣಲ್ಲ, ಇನ್ನು ಅದರೊಳಗೆ ಏನು ಹುಡುಕ್ತೀರಿ? ನಂಬೋಕೆ ಆಗೋ ಗುರುತು ಒಂದೇ: ಮೊಟ್ಟೆ ಇಡೋ ದಿನ ಹೊಟ್ಟೆ ಕೆಳಗೆ ಇಣುಕೋ ನಳಿಕೆ. ಹೆಣ್ಣಿನದು ದಪ್ಪ, ತುದಿ ಮೊಂಡು. ಗಂಡಿನದು ಸಣ್ಣ, ಚೂಪು. ಅದು ಕಾಣೋದು ಒಂದೆರಡು ದಿನ ಮಾತ್ರ. ಅಂಗಡಿಯಲ್ಲಿ ಕಾಣೋ ಸಾಧ್ಯತೆ ಕಡಿಮೆ.

ಎರಡನೇದು ಕ್ರಿಬ್, ಪೂರ್ತಿ ಕರೆದರೆ ಕ್ರಿಬೆನ್ಸಿಸ್. ಪಶ್ಚಿಮ ಆಫ್ರಿಕಾದ ನೈಜೀರಿಯಾ, ಕ್ಯಾಮರೂನ್ ಕಡೆಯದು. ಇದರಲ್ಲಿ ನಮ್ಮ ಸೂತ್ರ ತಲೆಕೆಳಗು. ಕೆಂಪು ನೇರಳೆ ಬಣ್ಣದ ಹೊಟ್ಟೆ ತೋರಿಸ್ಕೊಂಡು, ಮೈ ಬಾಗಿಸಿ, ನಡುಗಿಸಿ, ಸಂಗಾತಿಯನ್ನ ಗುಹೆಗೆ ಕರೆಯೋದು ಹೆಣ್ಣು! ಗಂಡು ಉದ್ದ ಇರುತ್ತೆ, ಬೆನ್ನಿನ ರೆಕ್ಕೆ ಚೂಪು, ಬಾಲದ ನಡುಭಾಗ ಮುಂದಕ್ಕೆ ಚಾಚಿರುತ್ತೆ. ಹೆಣ್ಣು ಗಿಡ್ಡ, ದುಂಡು. ಬಣ್ಣ ನೋಡಿ "ಇದೇ ಗಂಡು" ಅಂದವನು ಇಲ್ಲಿ ನೇರ ಹಳ್ಳಕ್ಕೆ. ಇವಕ್ಕೆ ಕುಂಬಾರರ ಕುಡಿಕೆ ಬೋರಲು ಹಾಕಿ ಅಂಚು ಸ್ವಲ್ಪ ಒಡೆದಿಟ್ಟರೆ ಸಾಕು, ಅದೇ ಅರಮನೆ. ತೆಂಗಿನ ಚಿಪ್ಪೂ ನಡೆಯುತ್ತೆ.

ಮೂರನೇದು ಎಪಿಸ್ಟೊಗ್ರಾಮಾ. ದಕ್ಷಿಣ ಅಮೆರಿಕದ್ದೇ. ಕಕಾಟೂ ಗಿಳಿಯ ಜುಟ್ಟಿನ ಥರ ಬೆನ್ನ ರೆಕ್ಕೆ ಎತ್ತಿ ನಿಲ್ಲೋ ಜಾತಿ ಅಂಗಡಿಗಳಲ್ಲಿ ಹೆಚ್ಚು ಕಾಣುತ್ತೆ. ಇಲ್ಲಿ ಗಂಡು ನಿಜಕ್ಕೂ ದೊಡ್ಡದು, ಹೆಣ್ಣು ಅದಕ್ಕಿಂತ ಎಷ್ಟೋ ಚಿಕ್ಕದು. ಸುಲಭ ಅಲ್ವಾ? ಇಲ್ಲ. ಟ್ಯಾಂಕಲ್ಲಿ ಒಂದು ಜೋರಿನ ಗಂಡು ಇದ್ದರೆ ಉಳಿದ ಎಳೇ ಗಂಡುಗಳು ಬಣ್ಣ ಬಿಡದೆ, ರೆಕ್ಕೆ ಮಡಚಿ, ಹೆಣ್ಣಿನ ಥರವೇ ಮೂಲೆಯಲ್ಲಿ ಇರ್ತವೆ. ಒದೆ ತಪ್ಪಿಸಿಕೊಳ್ಳೋ ಉಪಾಯ. ನೀವು ಹೆಣ್ಣು ಅಂತ ತಂದ ಮೀನಿಗೆ ಮನೆಗೆ ಬಂದ ಎರಡು ವಾರಕ್ಕೆ ಜುಟ್ಟು ಬಂದಿರುತ್ತೆ. ಇನ್ನು ಹೆಣ್ಣು ಯಾವಾಗಲೂ ಸಪ್ಪೆ ಅನ್ನೋದೂ ಸುಳ್ಳು. ಮೊಟ್ಟೆ ಕಾಯೋ ಹೆಣ್ಣು ಎಪಿಸ್ಟೊವನ್ನ ಒಮ್ಮೆ ನೋಡಿ. ಚೆಂಡುಹೂವಿನಂಥ ಹಳದಿ ಮೈ, ಅದರ ಮೇಲೆ ಕಾಡಿಗೆಯಂಥ ಕಪ್ಪು ಗೆರೆ. ತನಗಿಂತ ಎರಡರಷ್ಟಿರೋ ಗಂಡನ್ನೇ ಗುಹೆ ಹತ್ತಿರ ಬರಗೊಡಲ್ಲ. ಆ ಬಣ್ಣ ಅಂಗಡಿಯಲ್ಲಿ ಸಿಗಲ್ಲ, ಅದು ಕಾಯ್ತಿರೋವಾಗ ಮಾತ್ರ ಬರೋ ಬಣ್ಣ.

ಇಷ್ಟು ಹೇಳಿದ ಮೇಲೆ ಇನ್ನೂ ಒಂದು ವಿಚಿತ್ರ ಹೇಳಬೇಕು. ಈ ಮೀನುಗಳಲ್ಲಿ ಮರಿ ಗಂಡಾಗುತ್ತೋ ಹೆಣ್ಣಾಗುತ್ತೋ ಅನ್ನೋದು ಮೊಟ್ಟೆಯಲ್ಲೇ ಪೂರ್ತಿ ಬರೆದಿರಲ್ಲ. ನೀರೂ ಸ್ವಲ್ಪ ಬರೆಯುತ್ತೆ. ರೂಬಿನ್ ಅನ್ನೋ ಸಂಶೋಧಕ 1985ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಆಮ್ಲೀಯ ನೀರಲ್ಲಿ ಬೆಳೆದ ಕ್ರಿಬ್ ಮರಿಗಳಲ್ಲಿ ಗಂಡು ಜಾಸ್ತಿ, ತಟಸ್ಥ ನೀರಲ್ಲಿ ಹೆಣ್ಣಿನ ಪಾಲು ಜಾಸ್ತಿ ಆಗಿತ್ತು. 1996ರಲ್ಲಿ ರೋಮರ್ ಮತ್ತು ಬೈಸೆನ್‌ಹರ್ಜ್ ಅನ್ನೋ ಇಬ್ಬರು ಮೂವತ್ತಕ್ಕೂ ಹೆಚ್ಚು ಎಪಿಸ್ಟೊಗ್ರಾಮಾ ಜಾತಿಗಳನ್ನ ಬೇರೆ ಬೇರೆ ಬಿಸಿಯಲ್ಲಿ ಬೆಳೆಸಿ ನೋಡಿದರು. ಹೆಚ್ಚಿನ ಜಾತಿಗಳಲ್ಲಿ ನೀರು ಬೆಚ್ಚಗಾದಷ್ಟೂ ಗಂಡು ಹೆಚ್ಚು, ತಣ್ಣಗಾದಷ್ಟೂ ಹೆಣ್ಣು ಹೆಚ್ಚು. ಮೊಟ್ಟೆ ಇಟ್ಟ ಮೇಲಿನ ಮೊದಲ ಒಂದೂವರೆ ತಿಂಗಳೊಳಗೇ ಇದೆಲ್ಲ ತೀರ್ಮಾನ ಆಗಿಬಿಡುತ್ತೆ.

ನಮ್ಮ ಬೋರ್ ನೀರಲ್ಲಿ ಬೆಳೆದ ನನ್ನ ಕ್ರಿಬ್ ಮರಿಗಳಲ್ಲಿ ಮುಕ್ಕಾಲು ಪಾಲು ಹೆಣ್ಣೇ ಆದವು. ಆಗ ಇದರ ಅರ್ಥ ಗೊತ್ತಿರಲಿಲ್ಲ. ಇದೆಲ್ಲ ಓದಿದ ಮೇಲೆ, ಒಂದು ಮನೆಯ ಟ್ಯಾಂಕಿನ ಲೆಕ್ಕ ಪುರಾವೆ ಅಲ್ಲ ಅಂತ ಗೊತ್ತಿದ್ದರೂ, "ಓಹೋ" ಅನ್ನಿಸಿತು.

ಹಾಗಾದರೆ ಅಂಗಡಿಯವರದೇ ತಪ್ಪಾ? ನಾನು ಹಾಗೆ ಹೇಳಲ್ಲ. ಮೀನು ಮಾರೋರೊಬ್ಬರನ್ನ ಈ ಬಗ್ಗೆ ಕೇಳಿದೆ. "ಸಾರ್, ಬರೋ ನೂರು ಜನದಲ್ಲಿ ತೊಂಬತ್ತು ಜನ ಬಣ್ಣ ಇರೋದೇ ಕೇಳ್ತಾರೆ. ಸಪ್ಪೆ ಹೆಣ್ಣು ತರಿಸಿದರೆ ಟ್ಯಾಂಕಲ್ಲೇ ಸಾಯ್ತವೆ. ನಾನೇನು ಮಾಡ್ಲಿ?" ಅಂದರು. ಅವರು ಹೇಳಿದ್ದರಲ್ಲಿ ಸುಳ್ಳಿಲ್ಲ. ಆ ತೊಂಬತ್ತು ಜನರಲ್ಲಿ ನಾನೂ ಒಬ್ಬ. "ದೊಡ್ಡದು, ಬಣ್ಣ ಇರೋದು ಕೊಡಿ, ಜೊತೆಗೊಂದು ಹೆಣ್ಣು ಹಾಕಿ" ಅಂತ ಕೇಳಿದ್ದು ಇದೇ ಬಾಯಿ.

ನಾವು ಹಾಗೆ ಕೇಳೋದರಿಂದಲೇ ಮೀನು ಬೆಳೆಸೋರು ಬಣ್ಣದ ಹಿಂದೆ ಬೀಳ್ತಾರೆ. ಮರಿಗಳಿಗೆ ಬೇಗ ಬಣ್ಣ ಬರಲಿ ಅಂತ ಗಂಡು ಹಾರ್ಮೋನ್ ತಿನ್ನಿಸೋ ಚಾಳಿ ಅಲಂಕಾರದ ಮೀನಿನ ವ್ಯಾಪಾರಕ್ಕೆ ಹೊಸದಲ್ಲ. ಹಾಗೆ ಬೆಳೆದ ಹೆಣ್ಣು ನೋಡೋಕೆ ಗಂಡಿನಂತೆ. ಮನೆಗೆ ಬಂದ ಮೇಲೆ ಬಣ್ಣ ಇಳಿಯುತ್ತೆ, ಮರಿ ಮಾಡೋ ಶಕ್ತಿಯೂ ಹೋಗಿರಬಹುದು. ಅಂದರೆ ಗಂಡು ಹೆಣ್ಣಿನ ಗುರುತನ್ನ ಕೆಡಿಸಿದ್ದು ಪ್ರಕೃತಿ ಅಲ್ಲ. 'ಈಗಲೇ ಬೇಕು, ಬಣ್ಣದ್ದೇ ಬೇಕು' ಅನ್ನೋ ನಮ್ಮ ಆತುರ.

ಹಾಗಾದರೆ ಏನು ಮಾಡಬೇಕು? ನನ್ನ ಉತ್ತರ ತುಂಬಾ ಸಾದಾ.

ಜೋಡಿ ಕೇಳಬೇಡಿ. ಆರು ಮರಿ ಕೇಳಿ. ಗಂಡೋ ಹೆಣ್ಣೋ ಗೊತ್ತಾಗದಷ್ಟು ಎಳೇ ಮರಿ. ಅದೇ ವಯಸ್ಸಿಗೆ ಬೆಲೆಯೂ ಕಡಿಮೆ. ನಾನು ಎರಡನೇ ಸಲ ತಂದ ಆರು ಮರಿಗೆ ಕೊಟ್ಟಿದ್ದು, ಮೊದಲ 'ಗ್ಯಾರಂಟಿ ಜೋಡಿ'ಗೆ ಕೊಟ್ಟಷ್ಟೇ ದುಡ್ಡು.

ಲೆಕ್ಕ ನೋಡಿ. ಗಂಡು ಹೆಣ್ಣು ಸಮ ಸಮ ಇದ್ದರೆ, ಕಣ್ಣು ಮುಚ್ಚಿ ಎರಡು ಮರಿ ತಂದಾಗ ಎರಡೂ ಒಂದೇ ಆಗೋ ಸಾಧ್ಯತೆ ಅರ್ಧಕ್ಕರ್ಧ. ಆರು ತಂದಾಗ ಆರೂ ಒಂದೇ ಆಗೋ ಸಾಧ್ಯತೆ 32ರಲ್ಲಿ ಒಂದು ಮಾತ್ರ. ಅಂಗಡಿಯವರ ಗ್ಯಾರಂಟಿಗಿಂತ ಈ ಗ್ಯಾರಂಟಿ ವಾಸಿ. ಮೇಲೆ ಹೇಳಿದ ಹಾಗೆ ಒಂದೇ ಸೂಲಿನ ಮರಿಗಳಲ್ಲಿ ನೀರಿನಿಂದಾಗಿ ಗಂಡೋ ಹೆಣ್ಣೋ ಅತಿಯಾಗಿರಬಹುದು. ಅದಕ್ಕೇ ಮೂರು ಒಂದು ಕಡೆ, ಮೂರು ಇನ್ನೊಂದು ಕಡೆ ತಂದರೆ ಇನ್ನೂ ಒಳ್ಳೇದು. ಅಣ್ಣ ತಂಗಿಯೇ ಜೋಡಿಯಾಗೋದೂ ಅದರಿಂದ ತಪ್ಪುತ್ತೆ.

ಆಮೇಲೆ ಕಾಯಿರಿ. ನಾಲ್ಕೈದು ತಿಂಗಳು. ಟ್ಯಾಂಕಲ್ಲಿ ಗಿಡ, ಕಲ್ಲು, ಕುಡಿಕೆ ಇಟ್ಟು ಎಲ್ಲಕ್ಕೂ ಅಡಗೋಕೆ ಜಾಗ ಇರಲಿ. ಯಾರು ಯಾರನ್ನ ಅಟ್ಟುತ್ತಾರೆ, ಯಾರು ಯಾರನ್ನ ಪಕ್ಕದಲ್ಲಿ ಬಿಟ್ಕೊಳ್ತಾರೆ ನೋಡ್ತಾ ಇರಿ. ಒಂದು ದಿನ ಎರಡು ಮೀನು ಒಂದು ಮೂಲೆ ಹಿಡಿದು ಉಳಿದ ನಾಲ್ಕನ್ನ ಆಚೆ ಅಟ್ಟೋಕೆ ಶುರು ಮಾಡ್ತವೆ. ಅದೇ ಜೋಡಿ. ಆಗಲೂ ತೀರ್ಪು ಕೊಡಬೇಡಿ. ನಳಿಕೆ ನೋಡಿ, ಮೊಟ್ಟೆ ಬಣ್ಣ ನೋಡಿ. ಎರಡನೇ ದಿನವೂ ಜೇನಿನ ಬಣ್ಣಕ್ಕೇ ಇದ್ದು, ಒಳಗೆ ಕರೀ ಚುಕ್ಕೆಯಂತೆ ಕಣ್ಣು ಮೂಡಿದರೆ ಸರಿ.

"ಅಷ್ಟು ದಿನ ಯಾರು ಕಾಯ್ತಾರೆ?" ಅಂತ ಕೇಳಬಹುದು. ರಾಮ್ ಮೀನಿನ ಆಯಸ್ಸೇ ಎರಡು ಮೂರು ವರ್ಷ. ನನ್ನ ಆ ಎರಡು ಹೆಣ್ಣುಗಳು ಐದು ತಿಂಗಳು ಬರೀ ಬೂಸು ಹಿಡಿದ ಮೊಟ್ಟೆ ಕಾದವು. ಅದು ಅವುಗಳ ಬದುಕಿನ ದೊಡ್ಡ ಪಾಲು. ನನ್ನ ಆತುರಕ್ಕೆ ಬೆಲೆ ಕೊಟ್ಟಿದ್ದು ನಾನಲ್ಲ.

ಈ ಮಾತನ್ನ ಹೊಳೆ ದಂಡೆಯಲ್ಲಿ ಮೀನು ಹಿಡಿಯೋ ಒಬ್ಬ ಹಿರಿಯರ ಹತ್ತಿರ ಹೇಳ್ಕೊಂಡೆ. ಅವರ ಬುಟ್ಟಿಯಲ್ಲಿ ಜಿಲೇಬಿ ಮೀನು ಇತ್ತು. ನಮ್ಮಲ್ಲಿ ಎಷ್ಟೋ ಜನಕ್ಕೆ ಗೊತ್ತಿಲ್ಲ, ಕೆರೆ ಹೊಳೆಯಲ್ಲೆಲ್ಲ ಸಿಗೋ ಈ ಜಿಲೇಬಿ, ಅಂದರೆ ತಿಲಾಪಿಯಾ, ನನ್ನ ರಾಮ್‌ನ ನೆಂಟ. ಇದೂ ಸಿಕ್ಲಿಡ್ಡೇ. ಹುಟ್ಟೂರು ಆಫ್ರಿಕಾ, ಭಾರತಕ್ಕೆ ತಂದದ್ದು 1952ರಲ್ಲಿ. ಅವರು ಒಂದು ಮೀನು ತಿರುವಿ ಹೊಟ್ಟೆ ತೋರಿಸಿದರು. "ನೋಡಪ್ಪಾ, ಗಂಡಿಗೆ ಇಲ್ಲಿ ಎರಡು ತೂತು, ಹೆಣ್ಣಿಗೆ ಮೂರು. ಗೂಡು ಮಾಡೋ ಕಾಲಕ್ಕೆ ಗಂಡು ಕರ್ರಗಾಗ್ತತಿ. ಹೆಣ್ಣು ಬಾಯಾಗೆ ಮರಿ ಇಟ್ಕಂಡಿರ್ತತಿ, ಅವಾಗ ಬಲಿಗೆ ಬಂದ್ರೆ ಬಾಯಿಂದ ಮರಿ ಉದುರ್ತಾವು" ಅಂದರು.

ಅವರು ಹೇಳಿದ್ದು ಅಕ್ಷರಶಃ ಸರಿ. ಸಾಕಣೆ ಕೇಂದ್ರಗಳಲ್ಲಿ ತಿಲಾಪಿಯಾವನ್ನ ಕೈಯಲ್ಲಿ ಹಿಡಿದು ಬೇರ್ಪಡಿಸೋದೂ ಈ ತೂತುಗಳ ಲೆಕ್ಕದಿಂದಲೇ, ಚೆನ್ನಾಗಿ ಕಾಣಲಿ ಅಂತ ಅಲ್ಲಿ ಬಣ್ಣ ಸವರಿ ನೋಡ್ತಾರೆ. ಆದರೆ ಅದು ಅಂಗೈ ಅಗಲದ ಮೀನು. ಒಂದಿಂಚಿನ ರಾಮ್ ಮರಿಯನ್ನ ಹಾಗೆ ತಿರುವಿ ನೋಡೋಕೆ ಹೋದರೆ ಗುರುತು ಸಿಗೋ ಮೊದಲೇ ಮೀನು ಸತ್ತಿರುತ್ತೆ. "ನಿನ್ನ ಮೀನು ಸಣ್ಣವು, ಮುಟ್ಟಬ್ಯಾಡ, ನೋಡ್ತಾ ಇರು" ಅಂತ ಅವರೇ ಹೇಳಿದರು. ನಾನು ಇಷ್ಟುದ್ದ ಬರೆದಿದ್ದನ್ನ ಅವರು ಒಂದೇ ಸಾಲಲ್ಲಿ ಮುಗಿಸಿಬಿಟ್ಟರು :-)

ಜಿಲೇಬಿ ಮಾತು ಬಂದಿದ್ದಕ್ಕೆ ಇನ್ನೊಂದು. ಹೆಚ್ಚಾದ ಮರಿಗಳನ್ನ ದಯವಿಟ್ಟು ಹೊಳೆಗೋ ಕೆರೆಗೋ ಬಿಡಬೇಡಿ. 'ಪಾಪ, ಬದುಕ್ಕೊಳ್ಳಲಿ' ಅಂತ ಬಿಡೋರಿದ್ದಾರೆ. ಹೊರಗಿನ ಮೀನು ಒಮ್ಮೆ ನೆಲೆ ನಿಂತರೆ ನಮ್ಮ ಮೀನಿನ ಜಾಗ ತಿನ್ನುತ್ತೆ ಅನ್ನೋದಕ್ಕೆ ಜಿಲೇಬಿಯೇ ಸಾಕ್ಷಿ. ಸಾಕೋರಿಗೆ ಕೊಡಿ, ಇಲ್ಲಾ ಮೊಟ್ಟೆ ಇಡೋ ಕಲ್ಲನ್ನೇ ತೆಗೆದುಬಿಡಿ.

ಈಗ ನನಗೆ ನಿಜಕ್ಕೂ ಮುಖ್ಯ ಅನ್ನಿಸೋ ಮಾತು. ಇಷ್ಟು ಹೊತ್ತು ವೆನೆಜುವೆಲಾ, ನೈಜೀರಿಯಾ ಅಂತ ಹೇಳಿದೆ. ಭಾರತಕ್ಕೆ ಸ್ವಂತದ್ದು ಅಂತ ಇರೋ ಸಿಕ್ಲಿಡ್ ಮೂರೇ ಮೂರು. ಒಂದು ಕೇರಳದವರು ಕರಿಮೀನ್ ಅಂತ ಪ್ರೀತಿಯಿಂದ ತಿನ್ನೋದು, 2010ರಲ್ಲಿ ಅವರು ಅದನ್ನ ರಾಜ್ಯದ ಮೀನು ಅಂತ ಘೋಷಿಸಿದರು. ಇನ್ನೊಂದು ಕಿತ್ತಳೆ ಬಣ್ಣದ ಪುಟ್ಟ ಆರೆಂಜ್ ಕ್ರೋಮೈಡ್. ಅದರ ಮರಿಗಳು ಅಪ್ಪ ಅಮ್ಮನ ಮೈಮೇಲಿನ ಲೋಳೆ ಮೆಂದು ಬೆಳೀತವೆ. ಮೂರನೇದರ ಹೆಸರು ಎಟ್ರೋಪ್ಲಸ್ ಕೆನರೆನ್ಸಿಸ್. ಗಮನಿಸಿದ್ರಾ? ಕೆನರಾ! ನಮ್ಮ ಕನ್ನಡ ಜಿಲ್ಲೆಯ ಹೆಸರು. ಫ್ರಾನ್ಸಿಸ್ ಡೇ 1877ರಲ್ಲಿ ಇಟ್ಟಿದ್ದು. ಇದು ಇರೋದು ದಕ್ಷಿಣ ಕನ್ನಡದ ನೇತ್ರಾವತಿ, ಕುಮಾರಧಾರೆಯ ಕಡೆ. ಮೈತುಂಬಾ ಮುತ್ತು ಪೋಣಿಸಿದ ಹಾಗೆ ಚುಕ್ಕೆಸಾಲು. ಅಳಿವಿನಂಚಿನ ಪಟ್ಟಿಯಲ್ಲಿದೆ. ಅಕ್ವೇರಿಯಂ ವ್ಯಾಪಾರಕ್ಕೆ ಅಂತ ಹೊಳೆಯಿಂದ ಹಿಡಿದು ಮಾರೋದೂ ಅದಕ್ಕಿರೋ ಅಪಾಯಗಳಲ್ಲಿ ಒಂದು.

ಇದು ರಾಮ್‌ನಷ್ಟು ಪುಟ್ಟದಲ್ಲ, ಆದರೆ ಇದರಲ್ಲೂ ಆರೆಂಜ್ ಕ್ರೋಮೈಡಲ್ಲೂ ಗಂಡು ಹೆಣ್ಣು ನೋಡೋಕೆ ಒಂದೇ ಥರ. ಉದ್ದ ಮುಳ್ಳೂ ಇಲ್ಲ, ಕೆಂಪು ಹೊಟ್ಟೆಯೂ ಇಲ್ಲ. 'ಗ್ಯಾರಂಟಿ ಜೋಡಿ' ಕೊಡಿ ಅಂತ ಕೇಳೋನಿಗೆ ಈ ಮೀನುಗಳಿಂದ ಮರಿ ಸಿಗೋದು ಕಷ್ಟ. ಗುಂಪಲ್ಲಿ ಬೆಳೆಸಿ, ಅವೇ ಜೋಡಿಯಾಗೋವರೆಗೆ ಕಾಯೋನಿಗೆ ಮಾತ್ರ ಸಿಗುತ್ತೆ. ಮನೆಯಲ್ಲಿ ಹುಟ್ಟಿದ ಮರಿ ಕೈಯಿಂದ ಕೈಗೆ ಸಿಗೋ ಹಾಗಾದರೆ ಹೊಳೆಗೆ ಬಲೆ ಹಾಕೋ ಆಸೆ ಅಷ್ಟರ ಮಟ್ಟಿಗಾದರೂ ಕಡಿಮೆ ಆಗುತ್ತೆ. ಹಾಗಂತ ನಾಳೆನೇ ನೇತ್ರಾವತಿಗೆ ಬಲೆ ತಗೊಂಡು ಹೋಗಬೇಡಿ! ಅಂಗಡಿಯಲ್ಲಿ ಕಂಡರೂ "ಇದು ಹೊಳೇದಾ, ಸಾಕಿದ್ದಾ?" ಅಂತ ಕೇಳಿ. ಹೊಳೇದಾದರೆ ಬಿಡಿ. ರಾಮ್, ಕ್ರಿಬ್ ಸಾಕಿ ಕಾಯೋದು ಕಲೀರಿ. ಕಾಯೋದು ಕಲಿತವರು ಹತ್ತು ಜನ ಆದರೆ, ನಮ್ಮ ಹೆಸರಿನ ಮೀನಿಗೂ ಅದು ಎಂದಾದರೂ ಉಪಯೋಗಕ್ಕೆ ಬಂದೀತು. ಇದು ನನ್ನ ಆಸೆ, ಅಷ್ಟೇ.

ನನ್ನ ಮನೆ ಕಥೆ ಮುಗಿಸ್ತೀನಿ. ಎರಡನೇ ಸಲ ತಂದ ಆರು ಮರಿಗಳಲ್ಲಿ ನಾಲ್ಕು ಗಂಡು, ಎರಡು ಹೆಣ್ಣು ಆದವು. ನಾನು "ಇದು ಖಂಡಿತ ಗಂಡು" ಅಂತ ಡೈರಿಯಲ್ಲಿ ಬರೆದಿಟ್ಟಿದ್ದ ಒಂದು ಹೆಣ್ಣಾಯ್ತು. ಒಂದು ಜೋಡಿ ತಾನಾಗೇ ಕಟ್ಟಿಕೊಂಡಿತು. ಹೋದ ತಿಂಗಳು ಹೆಂಚಿನ ಮೇಲೆ ಮೊಟ್ಟೆ ಕಂಡಾಗ ಮೊದಲಿನಷ್ಟು ಜಾಸ್ತಿ ಇರಲಿಲ್ಲ. ಖುಷಿ ಆಯ್ತು! ಎರಡು ದಿನ ಜೇನಿನ ಬಣ್ಣದಲ್ಲೇ ಇದ್ದವು. ಮೂರನೇ ದಿನ ಬೆಳಿಗ್ಗೆ ಹೆಂಚಿನ ಮೇಲೆಲ್ಲ ಸಣ್ಣ ಸಣ್ಣ ಬಾಲ ಅಲ್ಲಾಡ್ತಿದ್ದವು.

ಅವ್ವನ್ನ ಕರೆದು ತೋರಿಸಿದೆ. ಕನ್ನಡಕ ಹಾಕ್ಕೊಂಡು ಬಗ್ಗಿ ನೋಡಿ, "ಈಗ ಸರಿ ಐತಿ" ಅಂದಳು. ಆಮೇಲೆ ಪಕ್ಕದ ಟ್ಯಾಂಕ್ ಕಡೆ ಕೈ ತೋರಿಸಿ, "ಅವೆರಡನ್ನ ಏನು ಮಾಡ್ತೀ?" ಅಂದಳು. ಮೊದಲಿನ ಆ ಎರಡು ಹೆಣ್ಣುಗಳು. ಅವು ಅಲ್ಲೇ ಇರ್ತವೆ ಅವ್ವಾ, ಒಂದಕ್ಕೊಂದು ಹೊಂದಿಕೊಂಡಿವೆ, ಬೇರೆ ಮಾಡಲ್ಲ ಅಂದೆ. ಬರೆಯೋ ಹೊತ್ತಿಗೆ ನೋಡಿದರೆ ಮತ್ತೆ ಕಲ್ಲು ಉಜ್ಜೋಕೆ ಶುರು ಮಾಡಿವೆ.

ನಿಮ್ಮ ಮನೆಯಲ್ಲೂ ಇಂಥ 'ಗ್ಯಾರಂಟಿ ಜೋಡಿ' ಏನಾದರೂ ಇದೆಯಾ? ಇದ್ದರೆ ಬರೀರಿ. ಮೀನಿನ ಕಥೆಯೇ ಆಗಬೇಕಂತಿಲ್ಲ, ಗಿಳಿ, ಪಾರಿವಾಳ, ಮೊಲ ಯಾವುದಾದರೂ ಸರಿ. ಪೆದ್ದು ಬಿದ್ದಿದ್ದು ನಾನೊಬ್ಬನೇ ಅಲ್ಲ ಅಂತ ಗೊತ್ತಾದರೆ ಸ್ವಲ್ಪ ಸಮಾಧಾನ :-)

ಮತ್ತೆ ಸಿಗೋಣ.